ಗೇಮ್‌ನ ದೋಷಕ್ಕೆ ಕನ್ಸೋಲ್ ಸುಟ್ಟುಹೋಗುತ್ತದೆಯೇ?

ಹೊಸ ಕನ್ಸೋಲ್ ಆಟದ ನಡುವೆ ತಟ್ಟನೆ ಆಫ್ ಆದರೆ, ಅನುಮಾನ ಮೊದಲು ಹೋಗುವುದು ಆ ಹೊತ್ತಿನಲ್ಲಿ ಆಡುತ್ತಿದ್ದ ಗೇಮ್‌ನ ಮೇಲೆ. 2019ರಲ್ಲಿ ಬಯೋವೇರ್ ಕಂಪನಿಯ ‘ಆಂಥಮ್’ ಗೇಮ್ ಬಂದ ಹೊಸತರಲ್ಲಿ, ಪ್ಲಗ್ ಕಿತ್ತ ಹಾಗೆ ಪ್ಲೇಸ್ಟೇಷನ್ 4 ಪೂರ್ತಿ ಆಫ್ ಆಗುತ್ತಿದೆ ಎಂದು ಹಲವರು ದೂರಿದರು. ಕನ್ಸೋಲೇ ಹೋಯಿತು ಎಂದವರೂ ಇದ್ದರು. ಇದರಿಂದ ಯಂತ್ರ ಶಾಶ್ವತವಾಗಿ ಕೆಡುವುದಿಲ್ಲವೆಂದು ಸ್ಪಷ್ಟಪಡಿಸಿದ ಗೇಮ್‌ನ ತಯಾರಕರು, ಅಪ್‌ಡೇಟ್ ಮೂಲಕ ದೋಷವನ್ನು ಸರಿಪಡಿಸಿದರು.

ಸರಿಯಾಗಿ ತಯಾರಾದ ಕನ್ಸೋಲನ್ನು ಯಾವ ಗೇಮ್ ಕೂಡ ಸುಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿಪ್‌ಗೆ ಎಷ್ಟು ವೋಲ್ಟೇಜ್ ಹೋಗಬೇಕು, ಫ್ಯಾನ್ ಎಷ್ಟು ವೇಗವಾಗಿ ತಿರುಗಬೇಕು ಎಂಬುದನ್ನು ನಿರ್ಧರಿಸುವುದು ಕನ್ಸೋಲ್‌ನ ಸ್ವಂತ ವ್ಯವಸ್ಥೆಯೇ ಹೊರತು ಗೇಮ್ ಅಲ್ಲ. ಬಿಸಿ ಮಿತಿ ಮೀರಿದಾಗ ಯಂತ್ರ ತಾನಾಗಿ ಆಫ್ ಆಗುವುದೂ ಆ ವ್ಯವಸ್ಥೆಯ ಕಾವಲೇ.

ಆದರೆ ಚಿಪ್ ಎಷ್ಟು ದುಡಿಯಬೇಕೆಂಬುದು ಗೇಮ್‌ನ ಕೈಯಲ್ಲಿದೆ, ಮತ್ತು ಆ ದುಡಿಮೆ ನಾವು ಊಹಿಸುವ ಕಡೆ ಹೆಚ್ಚುವುದಿಲ್ಲ. ಪ್ಲೇಸ್ಟೇಷನ್ 5ರ ವಿನ್ಯಾಸದ ಹೊಣೆ ಹೊತ್ತಿದ್ದ ಮಾರ್ಕ್ ಸರ್ನಿ ಅವರು 2020ರ ಮಾರ್ಚ್‌ನ ಉಪನ್ಯಾಸದಲ್ಲಿ, ‘ಹೊರೈಜನ್’ ಗೇಮ್‌ನ ಮ್ಯಾಪ್ ತೆರೆದಾಗ ತಮ್ಮ ಪ್ಲೇಸ್ಟೇಷನ್ 4 ಪ್ರೊ ಬಹಳ ಬಿಸಿಯಾಗುತ್ತದೆ ಎಂದು ಹೇಳಿ, ಸರಳ ಚಿತ್ರವೇ ಹೆಚ್ಚು ವಿದ್ಯುತ್ ಎಳೆಯಬಹುದು ಎಂದು ವಿವರಿಸಿದ್ದರು. ಸೆಕೆಂಡಿಗೆ ಇಷ್ಟೇ ಫ್ರೇಮ್ (ಚಿತ್ರ) ಎಂದು ಮಿತಿ ಹಾಕದ ಮೆನುವಿನಲ್ಲಿ ಇದು ಇನ್ನೂ ಅತಿರೇಕಕ್ಕೆ ಹೋಗುತ್ತದೆ: ಚಿತ್ರಿಸಲು ಹೆಚ್ಚೇನೂ ಇಲ್ಲದ್ದರಿಂದ, ಗ್ರಾಫಿಕ್ಸ್ ಚಿಪ್ ಅದೇ ಖಾಲಿ ತೆರೆಯನ್ನು ಸೆಕೆಂಡಿಗೆ ನೂರಾರು ಬಾರಿ ಬಿಡುವಿಲ್ಲದೆ ಬರೆಯುತ್ತಲೇ ಇರುತ್ತದೆ. 2021ರಲ್ಲಿ ಅಮೆಜಾನ್‌ನ ‘ನ್ಯೂ ವರ್ಲ್ಡ್’ ಗೇಮ್‌ನ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಆಡುವಾಗ ಇವಿಜಿಎ ಕಂಪನಿಯ ಕೆಲವು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್‌ಗಳು ಸತ್ತಾಗ ಎಲ್ಲರೂ ಗೇಮನ್ನೇ ದೂರಿದರು. ಅಮೆಜಾನ್ ಮೆನುವಿಗೆ ಫ್ರೇಮ್ ಮಿತಿಯನ್ನೂ ಹಾಕಿತು. ಕೊನೆಗೆ ಆ ಕಾರ್ಡ್‌ಗಳನ್ನು ಪರೀಕ್ಷಿಸಿದ ಇವಿಜಿಎ, ತನ್ನದೇ ಬೆಸುಗೆಯ ಕೆಲಸ ಕಳಪೆಯಾಗಿತ್ತೆಂದು ಒಪ್ಪಿಕೊಂಡಿತು. ಅದು ಕನ್ಸೋಲ್ ಅಲ್ಲ, ಪಿಸಿ. ಆದರೂ ಒಳಗೆ ಅಡಗಿದ್ದ ದೋಷವನ್ನು ಗೇಮ್ ಹೊರಗೆಳೆಯುವ ಬಗೆ ಎರಡರಲ್ಲೂ ಒಂದೇ.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್ ಕೆಟ್ಟಾಗ ಅದರ ಮುಂಭಾಗದಲ್ಲಿ ಬೆಳಗುತ್ತಿದ್ದ ಕೆಂಪು ಉಂಗುರದ ಕಥೆಯೂ ಇಂಥದ್ದೇ. ಬಿಸಿಯಾಗಿ ತಣ್ಣಗಾಗುವ ಆವರ್ತನೆಗೆ ಒಳಗಿನ ಸಂಪರ್ಕಗಳು ಬಿರಿಯುತ್ತಿದ್ದವು; 2007ರಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು 3 ವರ್ಷಕ್ಕೆ ವಿಸ್ತರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿರಿಸಬೇಕಾಯಿತು.

ಗೇಮ್‌ನ ದೋಷದಿಂದ ನಿಜವಾಗಿ ಅಪಾಯವಿರುವುದು ಡೇಟಾಗೆ. ಸೇವ್ ಆಗುತ್ತಿರುವಾಗಲೇ ಯಂತ್ರ ಆಫ್ ಆದರೆ ಕಡತಗಳು ಹಾಳಾಗಿ, ಕನ್ಸೋಲೇ ಕೆಟ್ಟಂತೆ ಕಾಣಬಹುದು. ಪ್ಲೇಸ್ಟೇಷನ್ ಆದರೆ ತೊಂದರೆ ಸರಿಪಡಿಸಲೆಂದೇ ಇರುವ ಸೇಫ್ ಮೋಡ್‌ಗೆ ಹೋಗಿ, ಡೇಟಾಬೇಸ್ ರೀಬಿಲ್ಡ್ ಮಾಡಿ, ಅಂದರೆ ಯಂತ್ರದಲ್ಲಿರುವ ಕಡತಗಳ ಪಟ್ಟಿಯನ್ನು ಮತ್ತೆ ಕಟ್ಟಿಸಿ, ನೋಡಬೇಕು. ಒಂದೇ ಗೇಮ್‌ನಲ್ಲಿ ತೊಂದರೆಯಾಗುತ್ತಿದ್ದರೆ ಅಪ್‌ಡೇಟ್ ಬರುವವರೆಗೆ ಅದನ್ನು ಬದಿಗಿಡಬಹುದು. ಬೇರೆ ಬೇರೆ ಗೇಮ್‌ಗಳಲ್ಲೂ ಯಂತ್ರ ಆಫ್ ಆಗುತ್ತಿದ್ದರೆ, ವಾರಂಟಿ ಮುಗಿಯುವ ಮೊದಲೇ ಬಿಲ್ಲಿನೊಂದಿಗೆ ಸರ್ವಿಸ್ ಸೆಂಟರ್‌ಗೆ ಹೋಗಬೇಕು. ಅಲ್ಲಿ ಯಾರಾದರೂ ಗೇಮ್‌ನದೇ ತಪ್ಪೆಂದು ಸಾಗಹಾಕಲು ನೋಡಿದರೆ ಒಪ್ಪಬಾರದು.