ದೇವನಹಳ್ಳಿಯಿಂದ ಕೌಲಾಲಂಪುರ, ಬ್ಯಾಂಕಾಕ್: ವೀಸಾ ಬೇಡದ ದಾರಿಯ ಕಾಗದಪತ್ರ

2025ರ ದಸರಾ ರಜೆ. ಸೆಪ್ಟೆಂಬರ್ 27ಕ್ಕೆ ಬೆಂಗಳೂರಿನಿಂದ ಕೌಲಾಲಂಪುರ, ಅಕ್ಟೋಬರ್ 1ಕ್ಕೆ ಅಲ್ಲಿಂದ ಬ್ಯಾಂಕಾಕ್, ಆಮೇಲೆ ವಾಪಸ್ಸು. ಅಪ್ಪ, ಅಮ್ಮ, ಎರಡು ಮಕ್ಕಳು, ಜೊತೆಗೆ ಅಜ್ಜಿ. ನಮ್ಮೂರ ಕುಟುಂಬಗಳು ಈ ಜೋಡಿ ಊರುಗಳನ್ನು ಹಿಡಿಯುವುದಕ್ಕೆ ದೊಡ್ಡ ಕಾರಣ ಒಂದೇ: ವೀಸಾ ಬೇಡ. ಥಾಯ್ಲೆಂಡ್ 2023ರ ನವೆಂಬರ್ 10ರಿಂದ ಭಾರತೀಯರಿಗೆ 30 ದಿನದ ವಿನಾಯಿತಿ ಕೊಟ್ಟು, 2024ರ ಜುಲೈ 15ರಂದು ಅದನ್ನು 60 ದಿನಕ್ಕೆ ಏರಿಸಿತು. ಮಲೇಷ್ಯಾ 2023ರ ಡಿಸೆಂಬರ್ 1ರಂದು 30 ದಿನ ಕೊಟ್ಟು, ಆ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿತು. ಇಷ್ಟು ಬೇಗ ಸಡಿಲವಾದ ನಿಯಮ ಅಷ್ಟೇ ಬೇಗ ಬಿಗಿಯೂ ಆದೀತು. ಟಿಕೆಟ್ ತೆಗೆಯುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿಕೊಳ್ಳಬೇಕು.

ಪ್ರವಾಸ ಶುರುವಾಗುವುದು ಬೀರುವಿನಿಂದ. ದೊಡ್ಡವರ ಪಾಸ್‌ಪೋರ್ಟಿಗೆ ಹತ್ತು ವರ್ಷ ಆಯಸ್ಸು, ಮಕ್ಕಳದ್ದಕ್ಕೆ ಐದೇ. ಒಟ್ಟಿಗೇ ಮಾಡಿಸಿದ್ದರೂ ಮಕ್ಕಳದ್ದು ಸದ್ದಿಲ್ಲದೆ ಮೊದಲು ಮುಗಿದಿರುತ್ತದೆ. ಎರಡೂ ದೇಶ ಕೇಳುವುದು ಕಾಲಿಡುವ ದಿನದಿಂದ ಆರು ತಿಂಗಳ ವಾಯಿದೆ. ಮಗಳ ಪಾಸ್‌ಪೋರ್ಟ್ 2026ರ ಮಾರ್ಚ್ 29ಕ್ಕೆ ಮುಗಿಯುತ್ತದೆ ಎನ್ನಿ: ಸೆಪ್ಟೆಂಬರ್ 27ರ ಲೆಕ್ಕಕ್ಕೆ ಎರಡು ದಿನ ಮಿಗುತ್ತದೆ, ಅಕ್ಟೋಬರ್ 1ರ ಲೆಕ್ಕಕ್ಕೆ ಮೂರು ದಿನ ಸಾಲದು. ಬೆಂಗಳೂರಿನಲ್ಲಿ ವಿಮಾನ ಹತ್ತಿದ ಮಗು ಕೌಲಾಲಂಪುರದಲ್ಲಿ ಸಿಕ್ಕಿಬೀಳುತ್ತದೆ. ಎರಡು ದೇಶದ ಪ್ರವಾಸದಲ್ಲಿ ಕೊನೆಯ ದೇಶದ ತಾರೀಖಿನಿಂದಲೇ ಎಣಿಸಬೇಕು.

ಹೊಸದು ಮಾಡಿಸಲು ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರವೋ ಮಾರತ್‌ಹಳ್ಳಿಯದ್ದೋ, ಸ್ಲಾಟ್ ಸಿಕ್ಕಲ್ಲಿ. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ಮಕ್ಕಳಿಗೆ 1,000. ತತ್ಕಾಲ್ ಆದರೆ ಮೇಲೆ 2,000. ಒಳಗೆ ಎ, ಬಿ, ಸಿ ಎಂದು ಮೂರು ಕೌಂಟರ್. ಮಕ್ಕಳ ಅರ್ಜಿ ಸಾಮಾನ್ಯವಾಗಿ ಎಡವುವುದು ಎ ಕೌಂಟರಿನಲ್ಲೇ, ಅಪ್ಪ ಅಮ್ಮ ಇಬ್ಬರ ಸಹಿ ಇರುವ ಒಪ್ಪಿಗೆ ಪತ್ರ, ಅಂದರೆ ಅನೆಕ್ಷರ್ ಡಿ, ಇಲ್ಲದೆ.

ವಾಯಿದೆಗಿಂತ ಹೆಚ್ಚು ತಲೆನೋವು ಹೆಸರಿನದ್ದು, ಅದೂ ನಮ್ಮ ಕಡೆಯವರಿಗೆ. ಅಜ್ಜಿಯ ಪಾಸ್‌ಪೋರ್ಟಿನಲ್ಲಿ ‘ಗೌರಮ್ಮ’ ಅಂತಷ್ಟೇ ಇರುತ್ತದೆ, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಬುಕಿಂಗ್‌ನ ಪುಟ ಎರಡು ಹೆಸರು ಕೊಡದೆ ಮುಂದಕ್ಕೆ ಬಿಡುವುದಿಲ್ಲ. ಆಗ ಮನೆಯವರು ಗಂಡನ ಹೆಸರನ್ನೋ ಊರಿನ ಹೆಸರನ್ನೋ ತುರುಕುತ್ತಾರೆ, ಅಲ್ಲೇ ತಪ್ಪುವುದು. ಚೆಕ್-ಇನ್ ಕೌಂಟರಿನ ಯಂತ್ರ ಓದುವುದು ಫೋಟೋ ಪುಟದ ಕೆಳಗಿನ ಎರಡು ಸಾಲು, ಒಂದೊಂದರಲ್ಲಿ 44 ಅಕ್ಷರ. ಅದರಲ್ಲಿಲ್ಲದ ಹೆಸರು ಟಿಕೆಟ್ಟಿನಲ್ಲಿ ಇರಬಾರದು. ಅದೇ ಹೆಸರನ್ನು ಎರಡು ಸಲ ಬರೆಯಬೇಕೋ ಬೇರೆ ರೀತಿಯೋ ಎಂದು ಏರ್‌ಲೈನ್‌ನ ಸಹಾಯವಾಣಿಗೆ ಕೇಳಿಯೇ ಬುಕ್ ಮಾಡಬೇಕು. ಮುಂದೆ ದುಬೈ ಪ್ರವಾಸದ ಯೋಚನೆಯೂ ಇದ್ದರೆ ಸರ್‌ನೇಮ್ ತುಂಬಿಸಿ ರೀ-ಇಷ್ಯೂ ಮಾಡಿಸುವುದೇ ಮೇಲು: 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪ್ರವಾಸಿಗರನ್ನು ಬಿಡುವುದಿಲ್ಲ ಎಂದಿತು, ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂತು.

ವೀಸಾದ ಜಾಗಕ್ಕೆ ಬಂದಿರುವುದು ಆನ್‌ಲೈನ್‌ನಲ್ಲಿ ತುಂಬುವ ಆಗಮನ ಕಾರ್ಡ್. ಮಲೇಷ್ಯಾದ್ದು ಎಂಡಿಎಸಿ, 2024ರ ಜನವರಿಯಿಂದ. ಥಾಯ್ಲೆಂಡಿನದ್ದು ಟಿಡಿಎಸಿ, 2025ರ ಮೇ 1ರಿಂದ. ತುಂಬಬೇಕಾದದ್ದು ತಲುಪುವ ಮುಂಚಿನ ಮೂರು ದಿನದೊಳಗೆ. ಅಂದರೆ ಮಲೇಷ್ಯಾದ್ದು ಬೆಂಗಳೂರಿನ ಮನೆಯಲ್ಲೇ ಮುಗಿಯುತ್ತದೆ, ಥಾಯ್ಲೆಂಡಿನದ್ದು ಸೆಪ್ಟೆಂಬರ್ 28ರ ನಂತರ, ಕೌಲಾಲಂಪುರದ ಹೋಟೆಲಿನ ವೈಫೈನಲ್ಲಿ. ಇದನ್ನು ಮರೆತು ಬ್ಯಾಂಕಾಕ್ ವಿಮಾನದ ಸಾಲಿನಲ್ಲಿ ನಿಂತು ಫೋನ್ ಒತ್ತುವ ಕುಟುಂಬಗಳು ಕಡಿಮೆಯೇನಲ್ಲ. ‘ಎಲ್ಲಿಂದ ವಿಮಾನ ಹತ್ತಿದಿರಿ’ ಎಂಬಲ್ಲಿ ಮಲೇಷ್ಯಾ ಎಂದಿರಬೇಕು, ಇಂಡಿಯಾ ಅಲ್ಲ. ವಿಮಾನದ ಸಂಖ್ಯೆಯೂ ಆ ಎರಡನೆಯ ಹಾರಾಟದ್ದೇ. ಮಗುವಿಗೂ ಬೇರೆ ಕಾರ್ಡ್ ಬೇಕು. ಎರಡೂ ಬಿಟ್ಟಿ. ದುಡ್ಡು ಕೇಳಿದ ವೆಬ್‌ಸೈಟ್ ದಲ್ಲಾಳಿಯದ್ದು, ಮುಚ್ಚಿಬಿಡಿ.

ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2ರ ಚೆಕ್-ಇನ್ ಕೌಂಟರ್‌ನಲ್ಲಿ ಪ್ರಶ್ನೆಗಳು ಜೋರು. ಸಿಬ್ಬಂದಿ ‘ಟೈಮ್ಯಾಟಿಕ್’ ಎಂಬ ದತ್ತಾಂಶ ನೋಡಿ ಯಾವ ದೇಶ ಏನು ಕೇಳುತ್ತದೆ ಎಂದು ತಾಳೆ ಹಾಕುತ್ತಾರೆ. ಹೋದ ದೇಶ ಒಳಬಿಡದಿದ್ದರೆ ವಾಪಸ್ ಕರೆತರುವ ಹೊಣೆ ಏರ್‌ಲೈನಿನದ್ದು. ಮೂರು ಹಾರಾಟವನ್ನೂ ಬೇರೆಬೇರೆ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಅಗ್ಗಕ್ಕೆ ತೆಗೆದವರ ತೊಡಕು ಇಲ್ಲೇ: ಕಂಪ್ಯೂಟರಿನಲ್ಲಿ ಕಾಣುವುದು ಹೋಗುವ ಟಿಕೆಟ್ ಮಾತ್ರ. ಮಲೇಷ್ಯಾ ಬಿಡುವ ಟಿಕೆಟ್, ಥಾಯ್ಲೆಂಡ್ ಬಿಡುವ ಟಿಕೆಟ್, ಹೋಟೆಲ್ ಬುಕಿಂಗ್ ಮೂರನ್ನೂ ಕಾಗದದಲ್ಲಿ ಮುದ್ರಿಸಿಟ್ಟುಕೊಳ್ಳಿ; ಫೋನಿನ ಚಾರ್ಜ್ ನಂಬಬೇಡಿ.

ಇಮಿಗ್ರೇಷನ್‌ನಲ್ಲಿ ಇನ್ನೊಂದು ವಿಷಯ. ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿದ್ದವರಿಗೆ ಕೆಲಸಕ್ಕೆ ಹೋಗಲು ಅನುಮತಿ ಬೇಕಾದ 18 ದೇಶಗಳಲ್ಲಿ ಮಲೇಷ್ಯಾವೂ ಥಾಯ್ಲೆಂಡೂ ಸೇರಿವೆ. ಪ್ರವಾಸಕ್ಕೆ ತಡೆಯಿಲ್ಲ, ಆದರೆ ವಾಪಸ್ ಟಿಕೆಟ್ ಕೇಳಿಯೇ ಕೇಳುತ್ತಾರೆ. ಹತ್ತನೇ ತರಗತಿ ಪಾಸಾದವರು ಅಂಕಪಟ್ಟಿ ಕೊಟ್ಟು ಮೊದಲೇ ಇಸಿಆರ್ ಗುರುತನ್ನು ತೆಗೆಸಿಕೊಳ್ಳಬಹುದು.

ಬ್ಯಾಂಕಾಕ್‌ನಲ್ಲಿ ಅಧಿಕಾರಿ ಸೀಲು ಹೊಡೆದು ಕೊಟ್ಟ ಕೂಡಲೇ ಸಾಲು ಬಿಡಬೇಡಿ. ಎಂದಿನವರೆಗೆ ಇರಬಹುದು ಎಂಬ ತಾರೀಖು ಸೀಲಿನಲ್ಲೇ ಇರುತ್ತದೆ. ಐದು ಪಾಸ್‌ಪೋರ್ಟಿನಲ್ಲೂ ಅದು ಒಂದೇ ಇದೆಯೇ ನೋಡಿ, ಬೇರೆಯಿದ್ದರೆ ಅಲ್ಲೇ ಕೇಳಿ. ಮೀರಿದರೆ ದಿನಕ್ಕೆ 500 ಬಾತ್ ದಂಡ.