ಅರ್ಧ ದಿನದ ಲೆಕ್ಕ

ಪಕ್ಕದ ಮನೆಯ ಅಕ್ಕನನ್ನು ಇವತ್ತು ಕಂಕನಾಡಿಗೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡು ತಿಂಗಳ ಕೆಮ್ಮು. ಮದುವೆಗೆ ಮುಂಚಿನಿಂದಲೂ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವವರು. ತಂಬಾಕಿನ ಧೂಳೆಲ್ಲ ಮೂಗಿಗೇ.

"ಮೊದಲೇ ಹೇಳಬಾರದಿತ್ತಾ ಅಕ್ಕ?"

"ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ ಮಾರಾಯ್ತಿ. ಅರ್ಧ ದಿನ ಎದ್ದು ಹೋದರೆ ಅರ್ಧ ದಿನದ್ದು ಹೋಯ್ತು."

1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಶುರುವಾದ ವೈಟ್‌ಹಾಲ್ ಅಧ್ಯಯನ ನೆನಪಾಯಿತು. ಎಲ್ಲರಿಗೂ ಸಂಬಳ, ಎಲ್ಲರಿಗೂ ಸರ್ಕಾರಿ ಚಿಕಿತ್ಸೆ. ಆದರೂ ತೀರಾ ಕೆಳದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳ ಸುಮಾರು 3 ಪಟ್ಟು. ಧೂಮಪಾನ, ರಕ್ತದೊತ್ತಡ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಅಳಿಯಲಿಲ್ಲ. ತಿಂಗಳ ಸಂಬಳ ಇದ್ದವರ ಕಥೆಯೇ ಇದು. ಅಕ್ಕನಿಗೆ ಹಾಗೊಂದು ಸಂಬಳವೂ ಇಲ್ಲ.

ಎಕ್ಸ್‌ರೇ ನಾಳೆ. ಬಸ್ಸಿಗೆ ನಾನೂ ಹತ್ತುತ್ತೇನೆ.