ಚಿತ್ಕುಲ್‌ಗೆ ಎರಡು ಕಟ್ಟು ಹಪ್ಪಳ

ತೋಟಕ್ಕೆ ಎರಡನೇ ಸಲದ ಮದ್ದು ಹೊಡೆದಾಯಿತು. ನಿನ್ನೆ ರಾತ್ರಿ ಕಾಸರಗೋಡಿನ ಬದಿಯಡ್ಕದ ಮನೆಯ ಜಗಲಿಯಲ್ಲಿ ನಾನು, ಅಣ್ಣ, ಅತ್ತಿಗೆ ಮ್ಯಾಪ್ ಹರಡಿ ಕೂತೆವು. ಅಕ್ಟೋಬರ್ ಮೊದಲ ವಾರ ಕಾರಿನಲ್ಲೇ ಚಿತ್ಕುಲ್‌ಗೆ ಹೊರಡುವುದು ಗಟ್ಟಿ! ಹಿಮಾಚಲದ ಕಿನ್ನೌರ್‌ನಲ್ಲಿ, ಬಾಸ್ಪಾ ನದಿಯ ಕಣಿವೆಯ ಕೊನೆಯ ಊರು. ಎತ್ತರ ಸುಮಾರು 3,450 ಮೀಟರ್.

ಕುಂಬಳೆಯಲ್ಲಿ 66ನೇ ಹೆದ್ದಾರಿ ಹತ್ತಿದರೆ ಮುಂಬೈ ಹತ್ತಿರದ ಪನ್ವೇಲ್‌ವರೆಗೂ ಅದೇ ದಾರಿ. ಶಿಮ್ಲಾ ದಾಟಿದ ಮೇಲೆ, ಕರ್ಛಮ್‌ನಲ್ಲಿ ಸಟ್ಲೆಜ್ ನದಿ ಬಿಟ್ಟು ಬಾಸ್ಪಾ ಪಕ್ಕ ಹತ್ತಬೇಕು. ನಾವು ಕಡಲ ಬದಿಯವರು. ಒಮ್ಮೆಲೇ ಅಷ್ಟು ಎತ್ತರ ಬೇಡ, ದಾರಿಯಲ್ಲಿ ಸ್ವಲ್ಪ ಕೆಳಗಿರುವ ಸಾಂಗ್ಲಾದಲ್ಲಿ ಎರಡು ರಾತ್ರಿ ನಿಲ್ಲಲೇಬೇಕು ಅಂತ ಹಟ ಹಿಡಿದೆ.

"ಅಲ್ಲಿ ಏನು ಬೆಳೀತಾರೆ?" ಅಮ್ಮ ಕೇಳಿದರು. ಆಲೂಗಡ್ಡೆ, ಬಟಾಣಿ ಅಂದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ, ಎಷ್ಟೋ ಮನೆಯವರು ಕೆಳಗಿಳಿಯುತ್ತಾರೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಳೆಗಾಲಕ್ಕೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವವರು ನಾವು. ಅವರು ಹಿಮಕ್ಕೆ ಕೂಡಿಡುತ್ತಾರೆ. ಏನೋ ನಂಟಿದೆ, ಅಲ್ವಾ?

ಅಮ್ಮ ಡಬ್ಬ ತೆರೆದು ಹಲಸಿನ ಹಪ್ಪಳದ ಎರಡು ಕಟ್ಟು ಬೇರೆ ತೆಗೆದಿಟ್ಟರು. "ಇದು ನಿಮಗಲ್ಲ. ಅಲ್ಲಿ ಯಾವುದಾದರೂ ಮನೆಗೆ ಕೊಡು."